ಹಿಟ್ಟಿನ ಪೆಟ್ಟಿಗೆಯೊಂದಿಗೆ ಸಂಭಾಜಿನಗರಕ್ಕೆ

ನಾಸಿಕ್: ಸ್ವೆಟರ್ ಇಲ್ಲದೆ ಹೋದವಳು

ನಾಸಿಕ್‌ಗೆ ಹೋಗಿ ತ್ರ್ಯಂಬಕೇಶ್ವರ ನೋಡದೆ, ಛತ್ರಪತಿ ಸಂಭಾಜಿನಗರಕ್ಕೆ ಹೋಗಿ ಎಲ್ಲೋರಾ ನೋಡದೆ ಮರಳಿದವಳು ಎಂದು ಉಡುಪಿಯ ನಮ್ಮ ಬೀದಿಯಲ್ಲಿ ಈಗ ಎಲ್ಲರೂ ನನ್ನನ್ನು ಆಡಿಕೊಳ್ಳುತ್ತಿದ್ದಾರೆ. ಹಾಗಾದರೆ ಅಷ್ಟು ದೂರ ಹೋಗಿ ನೋಡಿದ್ದಾದರೂ ಏನು ಎಂದು ಕೇಳುತ್ತಾರೆ. ಇಡ್ಲಿ ಹಿಟ್ಟು ನೋಡಿದೆ ಎನ್ನುತ್ತೇನೆ. ಅದನ್ನು ಇಲ್ಲೇ ನೋಡಬಹುದಿತ್ತಲ್ಲ ಎಂದು ನಗುತ್ತಾರೆ. ಆ ಹಿಟ್ಟನ್ನು ಇಲ್ಲಿ ನೋಡಲು ಸಾಧ್ಯವಿರಲಿಲ್ಲ ಎಂದು ಹೇಳುವುದಕ್ಕೇ ಇಷ್ಟನ್ನು ಬರೆಯುತ್ತಿದ್ದೇನೆ.

ನನ್ನ ತಮ್ಮ ರಾಘು ಮೀಸೆ ಮೂಡುವ ಮೊದಲೇ ಊರು ಬಿಟ್ಟವನು. ಯಾರ ಯಾರದೋ ಹೋಟೆಲಿನಲ್ಲಿ ದುಡಿದು, ಕೊನೆಗೆ ನಾಸಿಕ್‌ನ ಅಂಬಡ್ ಕೈಗಾರಿಕಾ ಪ್ರದೇಶದ ಅಂಚಿನಲ್ಲಿ ತನ್ನದೇ ಸಸ್ಯಾಹಾರಿ ಹೋಟೆಲು ಹಾಕಿದ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ, ಇನ್ನಾದರೂ ಬಂದು ನಾಲ್ಕು ದಿನ ಇದ್ದು ಹೋಗು ಎಂದು ಅವನದು ಒಂದೇ ಹಟ. ಜನವರಿ ಮುಗಿಯುತ್ತಿದ್ದಾಗ ಹೊರಟೆ. ಕರಾವಳಿಯವಳಾದ ನನಗೆ ಚಳಿ ಎಂದರೆ ಫ್ಯಾನಿನ ವೇಗ ಕಡಿಮೆ ಮಾಡುವ ವಿಷಯ. ಸ್ವೆಟರ್ ಒಯ್ಯುವುದು ತಲೆಗೇ ಹೊಳೆಯಲಿಲ್ಲ. ನಾಸಿಕ್ ನಿಲ್ದಾಣದಲ್ಲಿ ಇಳಿದಾಗ ಹಲ್ಲು ಕಟಕಟ ಎನ್ನುತ್ತಿತ್ತು. ತಮ್ಮನ ಹೆಂಡತಿ ಸುಮನಾ ತನ್ನ ಶಾಲು ತೆಗೆದು ನನಗೆ ಹೊದಿಸಿ, "ಅತ್ತಿಗೆ, ನೀವು ಪಾಠ ಮಾಡಿದ್ದು ಫಿಸಿಕ್ಸೇ ಅಲ್ವಾ?" ಎಂದು ಕೇಳಿದಳು. ಮೊದಲ ದಿನವೇ ಮರ್ಯಾದೆ ಹೋಯಿತು.

ಹೋಟೆಲಿನ ಮೇಲಿನ ಮಹಡಿಯಲ್ಲೇ ಅವರ ಮನೆ. ಬೆಳಕು ಹರಿಯುವ ಮೊದಲೇ ಕೆಳಗೆ ಗ್ರೈಂಡರ್ ಸದ್ದು. ಬಿಡಿಭಾಗ ಮಾಡುವ ಕಾರ್ಖಾನೆಗಳಿಗೆ ಹೋಗುವ ಹುಡುಗರು, ಪಾಳಿ ಮುಗಿಸಿ ಬರುವವರು, ಬಾಡಿಗೆ ಕೋಣೆಗಳಲ್ಲಿ ಒಲೆ ಇಲ್ಲದವರು, ಎಲ್ಲರೂ ಅಲ್ಲೇ. ಅವರು ಇಡ್ಲಿ ತಿನ್ನುವ ಕ್ರಮ ನೋಡಿ ನನಗೆ ಕಸಿವಿಸಿ. ಇಡ್ಲಿಯ ಮೇಲೆ ಸಾಂಬಾರು ಸುರಿದು, ಅದರ ಮೇಲೆ ಕಡಲೆಹಿಟ್ಟಿನ ಖಾರದ ಶೇವ್ ಉದುರಿಸಿ, ಚಮಚದಿಂದ ಪುಡಿ ಮಾಡಿ, ಅಲ್ಲಿನ ಮಿಸಳ್ ತಿಂದ ಹಾಗೆ ತಿನ್ನುತ್ತಾರೆ. ಇದನ್ನು ನೋಡಿಕೊಂಡು ನೀನು ಸುಮ್ಮನಿರುತ್ತೀಯಾ ಎಂದು ರಾಘುವನ್ನು ಕೇಳಿದೆ. ಶೇವ್ ಕೂಡ ತನ್ನದೇ ಅಂಗಡಿಯದು ಎಂದ.

ಅವನ ಒಬ್ಬಳೇ ಮಗಳು ಶ್ರಾವ್ಯ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಕಳೆದ ಮಳೆಗಾಲದಿಂದ ಅಪ್ಪನ ಗಲ್ಲಾದಲ್ಲಿ ಕೂತಿದ್ದಳು. ಹುಟ್ಟಿ ಬೆಳೆದದ್ದೆಲ್ಲ ನಾಸಿಕ್‌ನಲ್ಲೇ. ನಾನು ಕನ್ನಡದಲ್ಲಿ ಏನು ಹೇಳಿದರೂ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಶುರುವಾಗಿ ಹಿಂದಿಯನ್ನು ಹಾದು ಕೊನೆಗೆ ಒಂದು ಕನ್ನಡ ಕ್ರಿಯಾಪದದಲ್ಲಿ ಬಂದು ನಿಲ್ಲುತ್ತದೆ. ನನ್ನನ್ನು ಕರೆಯುವುದೂ ಮರಾಠಿಯವರ ಹಾಗೆ, ಆತ್ಯಾ ಎಂದು. ಎರಡು ದಿನದಲ್ಲಿ ನನಗೂ ಅದೇ ರೂಢಿಯಾಯಿತು.

ಅಂಬಡ್: ಗಲ್ಲಾದ ಮುಂದೆ ಒಂದು ವಾದ

ನಾಸಿಕ್‌ನ ಚಳಿಗೆ ಇಡ್ಲಿ ಹಿಟ್ಟು ಉಬ್ಬುವುದಿಲ್ಲ. ನಮ್ಮೂರಿನಲ್ಲಿ ರುಬ್ಬಿಟ್ಟು ಮಲಗಿದರೆ ಬೆಳಿಗ್ಗೆ ಹಿಟ್ಟು ತಾನೇ ಮುಚ್ಚಳ ಎತ್ತಿ ನಮ್ಮನ್ನು ಕರೆಯುತ್ತದೆ. ಇಲ್ಲಿ ಚಳಿಗಾಲ ಪೂರ್ತಿ ಅದಕ್ಕೆ ಚಾಕರಿ ಮಾಡಬೇಕು. ಪಾತ್ರೆಗೆ ಗೋಣಿ ಸುತ್ತಬೇಕು, ಒಲೆಯ ಹತ್ತಿರ ಸರಿಸಬೇಕು, ನಡುವೆ ಎದ್ದು ಬಂದು ನೋಡಬೇಕು. ಬಹಳ ವರ್ಷ ಈ ಕಾವಲು ರಾಘುವಿನದೇ ಆಗಿತ್ತು. ಅವನ ಮೊಣಕಾಲು ಕೈಕೊಟ್ಟ ಮೇಲೆ ಅದು ಮಗಳ ಪಾಲಿಗೆ ಬಂತು. ಮಗಳು ಒಂದು ವಾರ ಕಣ್ಣುಜ್ಜಿಕೊಂಡು ಮೆಟ್ಟಿಲು ಇಳಿದಳು. ಆಮೇಲೆ ಒಂದು ಪೆಟ್ಟಿಗೆ ಮಾಡಿದಳು.

ಹಳೆಯ ಮರದ ಪೆಟ್ಟಿಗೆ. ಒಳಗೆಲ್ಲ ಥರ್ಮಾಕೋಲು, ಎರಡು ಬಲ್ಬು. ಮುಚ್ಚಳದ ಒಳಬದಿಗೆ ಪುಟ್ಟ ಸೆನ್ಸರ್. ಅದು ಕೆಳಗೆ ಶಬ್ದದ ಅಲೆ ಕಳಿಸಿ, ಅದು ಮರಳಿ ಬರಲು ಹಿಡಿದ ಸಮಯದಿಂದ ಹಿಟ್ಟು ಎಷ್ಟು ಮೇಲೇರಿದೆ ಎಂದು ಲೆಕ್ಕ ಹಾಕುತ್ತದೆ. ಹಿಟ್ಟು ನಿಧಾನವಾದರೆ ಬಲ್ಬು ತಾನಾಗಿ ಹೊತ್ತಿಕೊಂಡು ಬೆಚ್ಚಗೆ ಮಾಡುತ್ತದೆ. ಸಾಕಷ್ಟು ಉಬ್ಬಿದರೆ ಅವಳ ಫೋನಿಗೆ ಸಂದೇಶ ಬರುತ್ತದೆ. ಒಳಗಿನ ಬಿಸಿ ಎಷ್ಟಿದೆ ಎಂಬುದೂ ಫೋನಿನಲ್ಲಿ ಕಾಣುತ್ತದೆ. ಪ್ರತಿಧ್ವನಿಯ ಪಾಠವನ್ನು ನಾನು ಎಷ್ಟೋ ವರ್ಷ ಬಾವಿ, ಬೆಟ್ಟ ಎಂದು ಉದಾಹರಣೆ ಕೊಟ್ಟು ಒಪ್ಪಿಸುತ್ತಿದ್ದೆ. ಅದೇ ಪಾಠ ಇಲ್ಲಿ ಇಡ್ಲಿ ಕಾಯುತ್ತಿತ್ತು. ನನಗೆ ಅವಳ ಮೇಲೆ ಹೆಮ್ಮೆಯೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಹಿಟ್ಟು ರುಬ್ಬುವ ನಿಂಗವ್ವ ವಿಜಯಪುರ ಜಿಲ್ಲೆಯವಳು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ, ಇವಳು ಇಲ್ಲಿ. ಪೆಟ್ಟಿಗೆಯ ಬಗ್ಗೆ ಅವಳಿಗೆ ತಕರಾರಿರಲಿಲ್ಲ. "ಅಕ್ಕಾರ, ಈ ಪೆಟಗಿ ಬಂದಾಗಿಂದ ಮುಂಜಾನೆ ಹಿಟ್ಟಿನ ಮಾರಿ ನೋಡಾಕ ಹೆದರೂದು ಬಿಟ್ಟೀನ್ರಿ. ಆದ್ರ ಮಾಲಕರು ನಂಬಂಗಿಲ್ಲ ನೋಡ್ರಿ," ಎಂದಳು.

ನಿಜ, ಮಾಲೀಕ ನಂಬುತ್ತಿರಲಿಲ್ಲ. ಪೆಟ್ಟಿಗೆ ಇರಲಿ, ನೀನೂ ಒಮ್ಮೆ ಎದ್ದು ನೋಡು ಎನ್ನುತ್ತಿದ್ದ. ಹೀಗಾಗಿ ಪೆಟ್ಟಿಗೆ ಹಿಟ್ಟನ್ನು ಕಾಯುತ್ತಿತ್ತು, ಮಗಳು ಪೆಟ್ಟಿಗೆಯನ್ನು ಕಾಯುತ್ತಿದ್ದಳು.

ಇದರ ನಡುವೆ ಅವಳಿಗೊಂದು ಆಸೆ ಹುಟ್ಟಿತ್ತು. ಸಂಭಾಜಿನಗರದಲ್ಲಿ ಒಂದು ತರಬೇತಿ ಸಂಸ್ಥೆ. ಯಂತ್ರಶಾಸ್ತ್ರ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರು ಮೂರನ್ನೂ ಬೆಸೆದ ಮೆಕಾಟ್ರಾನಿಕ್ಸ್ ಕಲಿಸುತ್ತಾರೆ, ರೋಬೋಟುಗಳ ಜೊತೆ ಕೆಲಸ ಮಾಡಿಸುತ್ತಾರೆ. ಸೇರುವುದಕ್ಕೆ ಅಂಕಪಟ್ಟಿ ಒಂದೇ ಸಾಲದು. ನೀವೇ ಮಾಡಿದ ಒಂದು ವಸ್ತುವನ್ನು ತಂದು, ಅವರೆದುರು ನಡೆಸಿ ತೋರಿಸಬೇಕು. ಶ್ರಾವ್ಯಳಿಗೆ ಕರೆ ಬಂದಿತ್ತು. ಪೆಟ್ಟಿಗೆ ಒಯ್ಯುವುದೆಂದು ಅವಳು ನಿರ್ಧರಿಸಿಬಿಟ್ಟಿದ್ದಳು.

ರಾಘು ಕೆಟ್ಟ ಅಪ್ಪನಲ್ಲ. ಹುಡುಗಿಗೆ ಓದು ಯಾಕೆ ಎನ್ನುವವನೂ ಅಲ್ಲ. ಅವನ ವಾದ ಬೇರೆ. ಗಲ್ಲಾದಲ್ಲಿ ಕೂತೇ ನನ್ನೊಡನೆ ಜಗಳಕ್ಕೆ ನಿಂತ. "ಅಂಬಡ್‌ನ ಎಂಜಿನಿಯರುಗಳೆಲ್ಲ ನನ್ನ ಗಿರಾಕಿಗಳು ಅಕ್ಕ. ಅವರ ಮುಖ ನೋಡಿಯೇ ನನಗೆ ಗೊತ್ತಾಗ್ತದೆ, ಯಾವ ಕಂಪನಿಯಲ್ಲಿ ಜನ ಕಡಿಮೆ ಮಾಡ್ತಿದ್ದಾರೆ ಅಂತ. ಕಂಪನಿ ಬಾಗಿಲು ಹಾಕ್ಬಹುದು. ಜನ ಇಡ್ಲಿ ತಿನ್ನುದು ಬಿಡ್ತಾರಾ?"

ಮಾಲೇಗಾಂವ್‌ನಲ್ಲಿ ಹೊಸ ಹೋಟೆಲಿಗೆ ಅವನು ಜಾಗ ನೋಡಿದ್ದ. ಅಲ್ಲಿನ ಗಲ್ಲಾ ಮಗಳಿಗೆ ಎಂದು ಮನಸ್ಸಿನಲ್ಲೇ ಬರೆದಿಟ್ಟಿದ್ದ. ಕೊನೆಗೆ ಒಂದು ಮಾತಿಗೆ ಒಪ್ಪಿದ. ಆಯ್ಕೆಯಾದರೆ ಹೋಗಲಿ, ಆಗದಿದ್ದರೆ ಮಾಲೇಗಾಂವ್. ಮುಂದಿನ ವರ್ಷ ಇನ್ನೊಮ್ಮೆ ನೋಡೋಣ ಎನ್ನುವ ಮಾತೇ ಇಲ್ಲ. ಶ್ರಾವ್ಯ ಹೂಂ ಎಂದಳು. ಅವಳ ಜೊತೆ ಯಾರು ಹೋಗುವುದು ಎಂಬ ಪ್ರಶ್ನೆ ಬಂದಾಗ, ಹೋಟೆಲಿನಲ್ಲಿ ಯಾವ ಕೆಲಸಕ್ಕೂ ಬಾರದವಳು ನಾನೊಬ್ಬಳೇ ಇದ್ದೆ.

ನಿಫಾಡ್ ದಾಟಿ

ಹೊರಡುವ ಬೆಳಿಗ್ಗೆ ನಿಂಗವ್ವ ಬೇಗ ಬಂದು ಹಿಟ್ಟು ರುಬ್ಬಿಕೊಟ್ಟಳು, ಹಿಂದಿನ ದಿನದ ಹುಳಿ ಹಿಟ್ಟನ್ನು ಒಂದು ಸೌಟು ಬೆರೆಸಿದಳು. ಲಾಡ್ಜಿನ ಫ್ರಿಜ್ಜಿನಲ್ಲಿಟ್ಟು ಮರುದಿನ ಪೆಟ್ಟಿಗೆಗೆ ಹಾಕುವುದು ನಮ್ಮ ಯೋಜನೆ. ಪೆಟ್ಟಿಗೆ ಬಸ್ಸಿನ ಸಾಮಾನು ಜಾಗಕ್ಕೆ ಹೋಯಿತು. ಹಿಟ್ಟಿನ ಸ್ಟೀಲ್ ಡಬ್ಬಿಯನ್ನು ಸುಮನಾ ಬಿಗಿಯಾಗಿ ಮುಚ್ಚಿ, ದಾರಿಯಲ್ಲಿ ಚಳಿ ತಾಗಬಾರದೆಂದು ಉಣ್ಣೆಯ ಶಾಲು ಸುತ್ತಿ, ನನ್ನ ಮಡಿಲಿಗೆ ಕೊಟ್ಟಳು. ಚಳಿಯಲ್ಲಿ ಆ ಗಂಟು ಹಿತವಾಗಿತ್ತು. ಅಪ್ಪಿಕೊಂಡು ಕೂತೆ.

ನಿಫಾಡ್ ಬಂದಾಗ ರಸ್ತೆಯ ಎರಡೂ ಕಡೆ ದ್ರಾಕ್ಷಿ ತೋಟ. ತಲೆಗೆ ಬಟ್ಟೆ ಕಟ್ಟಿದ ಹೆಂಗಸರು ಚಪ್ಪರದ ಕೆಳಗೆ ಬಗ್ಗಿ ಗೊಂಚಲು ಕತ್ತರಿಸುತ್ತಿದ್ದರು. ಒಂದು ಕಡೆ ಬಸ್ಸು ನಿಂತಿದ್ದಾಗ ತೋಟದ ಮೇಲೆ ಡ್ರೋನ್ ಒಂದು ಗುಂಯ್‌ಗುಡುತ್ತ ಔಷಧ ಸಿಂಪಡಿಸುವುದು ಕಂಡಿತು. ಬದುವಿನ ಮೇಲೆ ನಿಂತು ಅದನ್ನು ನಡೆಸುತ್ತಿದ್ದವಳು ನಮ್ಮ ಶ್ರಾವ್ಯಳ ವಯಸ್ಸಿನ ಹುಡುಗಿ, ಸಲ್ವಾರಿನ ಮೇಲೆ ಅಣ್ಣನದೋ ಅಪ್ಪನದೋ ದೊಡ್ಡ ಶರ್ಟು. ಅವಳ ಅಜ್ಜಿಯಂಥ ಒಬ್ಬಾಕೆ ಪಕ್ಕದಲ್ಲಿ ಕೊಡೆ ಹಿಡಿದಿದ್ದಳು, ಬಿಸಿಲು ಹುಡುಗಿಗೆ ತಾಗಬಾರದೆಂದೋ ಕೈಯಲ್ಲಿದ್ದ ಪರದೆಗೆ ತಾಗಬಾರದೆಂದೋ ತಿಳಿಯಲಿಲ್ಲ. ಇದನ್ನೂ ಕಲಿಸುತ್ತಾರಾ ಎಂದು ಕೇಳಿದೆ. ಕಲಿಸುತ್ತಾರೆ, ಲೈಸೆನ್ಸೂ ಕೊಡುತ್ತಾರೆ ಎಂದಳು ಶ್ರಾವ್ಯ. ನಮ್ಮ ಕಾಲೇಜಿನಲ್ಲಿ ಗ್ಯಾಲ್ವನೋಮೀಟರುಗಳನ್ನು ಮಕ್ಕಳು ಹಾಳುಮಾಡುತ್ತಾರೆಂದು ಬೀರುವಿನಲ್ಲಿ ಇಟ್ಟು ಬೀಗ ಹಾಕುತ್ತಿದ್ದೆವು. ಬೀಗದ ಕೈ ಪ್ರಾಂಶುಪಾಲರ ಬಳಿ ಇರುತ್ತಿತ್ತು. ಅದು ನೆನಪಾಗಿ ಬೇಸರವಾಯಿತು.

ಯೇವಲಾ ಬಂದಾಗ ಪೈಠಣಿ ಸೀರೆಯ ಅಂಗಡಿಗಳು ಸಾಲಾಗಿ ಕಂಡವು, ಇಳಿಯುವ ಆಸೆಯಾಯಿತು. ಶ್ರಾವ್ಯ ನನ್ನ ತೋಳು ಹಿಡಿದು ಕೂರಿಸಿದಳು. ಅಷ್ಟರಲ್ಲಿ ಬಿಸಿಲು ಜೋರಾಗಿತ್ತು. ನಾಸಿಕ್‌ನ ಚಳಿ ಎಲ್ಲಿ ಇಳಿದುಹೋಯಿತೋ ಗೊತ್ತಾಗಲಿಲ್ಲ. ಕಿಟಕಿಯಿಂದ ಬಿಸಿಲು ನೇರ ನನ್ನ ಮಡಿಲಿಗೇ ಬೀಳುತ್ತಿತ್ತು. ಗಂಟು ಇನ್ನೂ ಬೆಚ್ಚಗಾಯಿತು, ನಾನು ತೂಕಡಿಸಿದೆ.

ವೈಜಾಪುರದ ಹತ್ತಿರ ಒಂದು ರಸ್ತೆ ಉಬ್ಬಿನ ಮೇಲೆ ಬಸ್ಸು ಎಗರಿತು. ಮಡಿಲಿನಲ್ಲಿ ಢಬ್ ಎಂದಿತು. ಮುಚ್ಚಳ ಹಾರಿ ಮುಂದಿನ ಸೀಟಿಗೆ ಬಡಿಯಿತು. ಹಿಟ್ಟು ನಿಧಾನವಾಗಿ, ಯಾರ ಹಂಗೂ ಇಲ್ಲದೆ, ಶಾಲಿನಿಂದ ಹೊರಬಂದು ನನ್ನ ಸೀರೆಯ ಮೇಲೆ, ಸೀರೆಯಿಂದ ಕಾಲ ಮೇಲೆ, ಅಲ್ಲಿಂದ ಸೀಟುಗಳ ನಡುವಿನ ದಾರಿಗೆ ಹರಿಯಿತು. ಬಸ್ಸಿನ ತುಂಬ ಹುಳಿ ವಾಸನೆ. ಕಂಡಕ್ಟರ್ ಮರಾಠಿಯಲ್ಲಿ ಬೈಯುತ್ತ ಬಂದ. ಬಿಗಿ ಮುಚ್ಚಿದ ಡಬ್ಬಿ, ಉಣ್ಣೆ, ಬಿಸಿಲು, ಒಳಗೆ ಹುಟ್ಟುವ ಗಾಳಿ. ಇದರಲ್ಲಿ ಭೌತಶಾಸ್ತ್ರದ ಮೇಡಮ್ಮಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಮುಂದಿನ ಸೀಟಿನ ಅಜ್ಜಿ ತಿರುಗಿ, ತನ್ನ ಚೀಲಕ್ಕೆ ಮೆತ್ತಿದ್ದ ಹಿಟ್ಟನ್ನು ಬೆರಳಲ್ಲಿ ತೆಗೆದು ಮೂಸಿ, ಆಂಬೋಳಿಗೆ, ಅಂದರೆ ಅವರ ದೋಸೆಗೆ, ಚೆನ್ನಾಗಿ ಬಂದಿದೆ ಎಂದು ಸರ್ಟಿಫಿಕೇಟು ಕೊಟ್ಟಳು. ತನ್ನ ಚೀಲದಿಂದಲೇ ಒಂದು ಹಳೆ ಬಟ್ಟೆ ಕೊಟ್ಟು, ನಮ್ಮ ಜೊತೆ ಬಗ್ಗಿ ಒರೆಸಿದಳು.

ಡಬ್ಬಿಯ ತಳದಲ್ಲಿ ಉಳಿದದ್ದು ಪೂರ್ತಿ ಹುಳಿಯಾಗಿತ್ತು, ಪ್ರಯೋಜನವಿರಲಿಲ್ಲ. ಅಪ್ಪನಿಗೆ ಫೋನ್ ಮಾಡೋಣವೆ ಎಂದು ಕೇಳಿದೆ. ಬೇಡ ಎಂದು ಶ್ರಾವ್ಯ ನನ್ನ ಕೈ ಒತ್ತಿ ಹಿಡಿದಳು.

ಸಂಭಾಜಿನಗರ: ದೀಪ ಹಚ್ಚಿದ ಮೇಲೆ

ನಮ್ಮವರ ಒಂದು ಗುಣವಿದೆ. ಯಾವ ಊರಿಗೆ ಹೋದರೂ ಅಲ್ಲಿ ನಮ್ಮ ಕಡೆಯವರ ಹೋಟೆಲು ಇದ್ದೇ ಇರುತ್ತದೆ ಎಂಬ ನಂಬಿಕೆ. ಸಂಜೆಯ ಹೊತ್ತಿಗೆ ಊರಿನ ಹಳೆಯ ಕೋಟೆ ದರವಾಜೆಗಳ ಕೆಳಗೆ ಹಾದು, ರಿಕ್ಷಾದವನನ್ನು ಕೇಳುತ್ತ ಕೇಳುತ್ತ ಹೋದೆವು. ಸಿಕ್ಕಿತು. ಬ್ರಹ್ಮಾವರ ಕಡೆಯ ಒಬ್ಬ ಹಿರಿಯರು ಗಲ್ಲಾದಲ್ಲಿದ್ದರು. ನನ್ನ ಸೀರೆಯ ಅವಸ್ಥೆ ನೋಡಿ ಮೊದಲು ಕೈತೊಳೆಯುವ ಜಾಗ ತೋರಿಸಿದರು, ಆಮೇಲೆ ವಿಷಯ ಕೇಳಿದರು. ಕನ್ನಡ ಕೇಳಿ ಅವರ ಮುಖ ಅರಳಿತು. ಊರು, ಮನೆ, ಯಾರ ಪೈಕಿ ಎಂದೆಲ್ಲ ವಿಚಾರಿಸಿ ಕಾಫಿ ತರಿಸಿದರು.

ಹಿಟ್ಟು ಕೇಳಿದಾಗ ಮಾತ್ರ ಮುಖ ಸಣ್ಣದಾಯಿತು. "ಹುಳಿ ಬಂದ ಹಿಟ್ಟು ದೀಪ ಹಚ್ಚಿದ ಮೇಲೆ ಹೊರಗೆ ಕೊಡುವ ಕ್ರಮ ಇಲ್ಲ ನಮ್ಮಲ್ಲಿ. ನಮ್ಮ ತಂದೆಯ ಕಾಲದಿಂದ ಇಲ್ಲ. ನೀವು ಬೇಜಾರು ಮಾಡ್ಬಾರ್ದು," ಎಂದರು. ಹೆಪ್ಪು, ಹಾಲಿನ ವಿಷಯದಲ್ಲಿ ನಮ್ಮ ಅಮ್ಮನೂ ಹಾಗೆಯೇ ಇದ್ದಳು, ಹಾಗಾಗಿ ನನಗೆ ಕೋಪ ಬರಲಿಲ್ಲ. ಆದರೆ ಅವರೇ ಒಂದು ದಾರಿ ಹುಡುಕಿದರು. ಆಗಷ್ಟೇ ರುಬ್ಬಿದ ಹಿಟ್ಟು ಇದೆ, ಅದಕ್ಕೆ ಇನ್ನೂ ಹುಳಿ ಬಂದಿಲ್ಲ, ಆದ್ದರಿಂದ ಅದನ್ನು ಕೊಡಲು ಅಡ್ಡಿಯಿಲ್ಲ. ನಮ್ಮ ಡಬ್ಬಿಯನ್ನು ತೊಳೆಸಿ, ತುಂಬಿಸಿ, ಮುಚ್ಚಳವನ್ನು ಸಡಿಲವಾಗಿ ಇಟ್ಟುಕೊಟ್ಟರು. ಲಾಡ್ಜಿನ ಫ್ರಿಜ್ಜಿನಲ್ಲಿ ಅದನ್ನು ಇಟ್ಟು ಬರುವವರೆಗೂ ಶ್ರಾವ್ಯ ಏನೂ ತಿನ್ನಲಿಲ್ಲ. ಆಮೇಲೆ ಎರಡು ಮಸಾಲೆದೋಸೆ ತಿಂದಳು.

ಪರೀಕ್ಷೆಯ ದಿನ

ಸಂಸ್ಥೆಯ ದೊಡ್ಡ ಶೆಡ್ಡಿನೊಳಗೆ ಕಾಲಿಟ್ಟಾಗ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಗಾಜಿನ ಗೂಡಿನಲ್ಲಿ ಹಳದಿ ಬಣ್ಣದ ರೋಬೋಟ್ ತೋಳು ಒಂದು ಲೋಹದ ಬಿಲ್ಲೆಯನ್ನು ಎತ್ತಿ, ತಿರುಗಿಸಿ, ಇನ್ನೊಂದು ಕಡೆ ಇಡುತ್ತಿತ್ತು. ಅದರ ಮುಂದೆ ನಿಂತ ಹುಡುಗರು ಚಪ್ಪಲಿಯಂತೆ ಅಗಲವಾದ ಒಂದು ಸಾಧನ ಹಿಡಿದು ಅದಕ್ಕೆ ದಾರಿ ಹೇಳಿಕೊಡುತ್ತಿದ್ದರು. ಇನ್ನೊಂದು ಮೂಲೆಯಲ್ಲಿ ಬ್ಯಾಟರಿ ಕಾರಿನ ಹೊಟ್ಟೆ ಬಿಚ್ಚಿಟ್ಟಿದ್ದರು. ಎಲ್ಲಿಯೂ ಬೀಗ ಹಾಕಿದ ಬೀರು ಇರಲಿಲ್ಲ. ಮುಟ್ಟಬೇಡಿ ಎಂಬ ಫಲಕಕ್ಕೂ ಹುಡುಕಿದೆ. ಅದೂ ಇರಲಿಲ್ಲ.

ಪರೀಕ್ಷೆಗೆ ಬಂದವರ ಜೊತೆಯವರಿಗೆ ಹಿಂದಿನ ಬೆಂಚುಗಳಲ್ಲಿ ಕೂರಲು ಬಿಟ್ಟರು. ಮಾಲೇಗಾಂವ್‌ನ ಒಬ್ಬ ಹುಡುಗ ತಾನೇ ಮಾಡಿದ ಸಾಧನ ತಂದಿದ್ದ, ಪವರ್‌ಲೂಮಿನಲ್ಲಿ ನೂಲು ಹರಿದರೆ ದೀಪ ಹತ್ತುತ್ತದೆ. ಅವನ ಅಪ್ಪ ನನ್ನ ಪಕ್ಕದಲ್ಲೇ ಕೂತು, ಜೇಬಿನಿಂದ ಕರ್ಚೀಫು ತೆಗೆದು ಒಗ್ಗಿಲ್ಲದ ಬೂಟನ್ನು ಒರೆಸುತ್ತಿದ್ದ. ನಾವಿಬ್ಬರೂ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡೆವು, ಅವನು ಹಿಂದಿಯಲ್ಲಿ, ನಾನು ನನ್ನ ಹಿಂದಿಯಲ್ಲಿ.

ಶ್ರಾವ್ಯ ಬೆಳಿಗ್ಗೆಯೇ ಹಿಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಸ್ವಿಚ್ ಹಾಕಿದ್ದಳು. ತನ್ನ ಸರದಿ ಬರುವ ಹೊತ್ತಿಗೆ ಹಿಟ್ಟು ಸಾಕಷ್ಟು ಏರಿರುತ್ತದೆ ಎಂಬುದು ಅವಳ ಲೆಕ್ಕ. ಪರೀಕ್ಷಕರು ಮೂವರು. ನಡುವೆ ಇದ್ದವರು ಕುಲಕರ್ಣಿ ಮೇಡಂ, ಗಿಡ್ಡ ಕೂದಲು, ದಪ್ಪ ಕನ್ನಡಕ, ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದು ಇಲ್ಲಿ ಕಲಿಸಲು ಬಂದವರು. ಅವರ ಧ್ವನಿ ಕೇಳಿದರೆ ನಾನೇ ಎದ್ದುನಿಲ್ಲುವ ಹಾಗಿತ್ತು.

ಶ್ರಾವ್ಯ ಮರಾಠಿಯಲ್ಲಿ ಚೆನ್ನಾಗಿ ವಿವರಿಸಿದಳು. ಚಳಿ, ಹಿಟ್ಟು, ಅಪ್ಪನ ಮೊಣಕಾಲು ಎಲ್ಲ ಬಂತು. ಪರೀಕ್ಷಕರು ನಕ್ಕರು. ನನಗೆ ಅರ್ಧ ಜೀವ ಬಂತು. ಆಮೇಲೆ ಅವಳು ಮುಚ್ಚಳ ತೆಗೆದಳು.

ಬಿಸಿ ಹಬೆ ಎದ್ದಿತು. ಹಿಟ್ಟು ಒಂಚೂರೂ ಏರಿರಲಿಲ್ಲ. ಮೇಲೆ ಗಟ್ಟಿ ಪದರ ಕಟ್ಟಿತ್ತು, ಬಲ್ಬಿನ ಕಡೆಯ ಅಂಚು ಬೆಂದು ಇಡ್ಲಿಯೇ ಆಗಿತ್ತು. ಮೂವರಲ್ಲಿ ಒಬ್ಬರು, ಇದು ಹಿಟ್ಟು ಕಾಯುವ ಪೆಟ್ಟಿಗೆಯೋ ಬೇಯಿಸುವ ಪೆಟ್ಟಿಗೆಯೋ ಎಂದು ಕೇಳಿದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಆದರೂ ಮಾಲೇಗಾಂವ್‌ನ ಗಲ್ಲಾ, ಅದರ ಹಿಂದೆ ಕೂತ ಶ್ರಾವ್ಯ, ಎರಡೂ ನನ್ನ ಕಣ್ಣಿಗೆ ಕಟ್ಟಿದವು.

ಶ್ರಾವ್ಯ ಬಗ್ಗಿ ಹಿಟ್ಟನ್ನು ನೋಡಿದಳು. ಆಮೇಲೆ ಅವಳು ಮಾಡಿದ್ದನ್ನು ಹೋಟೆಲಿನವರ ಮಕ್ಕಳಲ್ಲದೆ ಇನ್ನಾರೂ ಮಾಡುವುದಿಲ್ಲ. ರಾಘುವಿನ ಅಡುಗೆಮನೆಯಲ್ಲಿ ಹಿಟ್ಟಿನ ಮುಚ್ಚಳ ತೆಗೆದವರು ಮೊದಲು ಒಂದು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಬೇಕು. ಮಾಲೀಕನಾಗಲಿ, ನಿಂಗವ್ವನಾಗಲಿ, ಎಲ್ಲರಿಗೂ ಇದೇ ಕಾನೂನು. ನಡೆಯಲು ಬಂದಾಗಿನಿಂದ ಅವಳು ಅದನ್ನೇ ಮಾಡಿಕೊಂಡು ಬಂದವಳು. ಪದರವನ್ನು ಸರಿಸಿ, ಬೆರಳು ಅದ್ದಿ, ಬಾಯಿಗೆ ಇಟ್ಟುಕೊಂಡಳು.

ಪ್ರಯೋಗಾಲಯದಲ್ಲಿ ಯಾವುದನ್ನೂ ಬಾಯಿಗೆ ಹಾಕಬಾರದು ಎಂದು ಜೀವಮಾನವಿಡೀ ಮಕ್ಕಳಿಗೆ ಹೇಳಿದವಳು ನಾನು. ಬೆಂಚಿನ ಮೇಲೆ ಕೂತಲ್ಲೇ ಕಣ್ಣು ಮುಚ್ಚಿಕೊಂಡೆ. ಕುಲಕರ್ಣಿ ಮೇಡಂ ಗದರಿದ್ದು ಶೆಡ್ಡಿನ ತುಂಬ ಕೇಳಿತು. ಪಕ್ಕದ ಮೇಜಿನಲ್ಲಿ ಬೆಸುಗೆ ಕೆಲಸ ನಡೆಯುತ್ತದೆ, ಎಲ್ಲೆಲ್ಲಿ ಏನೇನು ಮೆತ್ತಿದೆಯೋ, ಇದು ನಿನ್ನ ಮನೆಯ ಅಡುಗೆಮನೆಯಲ್ಲ ಎಂದರು. ಬಾಯಿ ತೊಳೆದು ಬಾ ಎಂದು ಕಳಿಸಿದರು. ಇನ್ನೊಬ್ಬ ಪರೀಕ್ಷಕರು ಏನೋ ಗುರುತು ಹಾಕಿಕೊಂಡರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಶ್ರಾವ್ಯ ಒದ್ದೆ ಮುಖದಲ್ಲೇ ಮರಳಿದಳು. ಕ್ಷಮೆ ಕೇಳಿದಳು. ಆಮೇಲೆ, ಹಿಟ್ಟಿನಲ್ಲಿ ಉಪ್ಪಿದೆ ಎಂದಳು.

ನಾಸಿಕ್‌ನಲ್ಲಿ ಚಳಿಗಾಲದಲ್ಲಿ ಉಪ್ಪು ಹಾಕುವುದು ಬೆಳಿಗ್ಗೆ, ಹಿಟ್ಟು ಉಬ್ಬಿದ ಮೇಲೆ. ಮೊದಲೇ ಹಾಕಿದರೆ ಹುಳಿ ಬರುವುದು ತಡವಾಗುತ್ತದೆ. ಈ ಬಿಸಿ ಊರಿನಲ್ಲಿ ಹಿಟ್ಟು ಬೇಗ ಹುಳಿಯಾಗಬಾರದೆಂದು ರುಬ್ಬುವಾಗಲೇ ಉಪ್ಪು ಬೀಳುತ್ತದೆ. ಬ್ರಹ್ಮಾವರದ ಹಿರಿಯರು ತಮ್ಮ ಪದ್ಧತಿಯಂತೆ ಕೊಟ್ಟಿದ್ದರು, ನಾವು ಕೇಳಿರಲಿಲ್ಲ. ಸಾಲದ್ದಕ್ಕೆ ಹುಳಿ ಹಿಟ್ಟೂ ಬೆರೆತಿರಲಿಲ್ಲ, ಫ್ರಿಜ್ಜಿನ ತಂಪು ಬೇರೆ. ಹಿಟ್ಟು ಏರಲಿಲ್ಲ. ಏರದಿದ್ದರೆ ಚಳಿಯಾಗಿದೆ ಎಂದೇ ಅರ್ಥ ಎಂದುಕೊಂಡ ಪೆಟ್ಟಿಗೆ ಬಲ್ಬನ್ನು ಆರಿಸಲೇ ಇಲ್ಲ. ನಾಸಿಕ್‌ನ ಚಳಿಯಲ್ಲಿ ಹುಟ್ಟಿದ ಪೆಟ್ಟಿಗೆಗೆ ಚಳಿ ಬಿಟ್ಟರೆ ಬೇರೆ ಕಾರಣವೇ ಗೊತ್ತಿರಲಿಲ್ಲ.

ಬಿಸಿ ಅಳೆಯುವ ಸೆನ್ಸರ್ ಒಳಗೇ ಇತ್ತಲ್ಲ, ಅದು ಏನು ಮಾಡುತ್ತಿತ್ತು ಎಂದು ಮೇಡಂ ಕೇಳಿದರು. ಬಿಸಿಯನ್ನು ಫೋನಿಗೆ ತೋರಿಸುತ್ತಿತ್ತು, ಬಲ್ಬಿಗೆ ಹೇಳುತ್ತಿರಲಿಲ್ಲ ಎಂದಳು ಶ್ರಾವ್ಯ. ಆ ದಿನ ಫೋನು ಚೀಲದಲ್ಲಿತ್ತು. ಹಾಗಾದರೆ ತಪ್ಪು ಯಾರದು, ಹಿಟ್ಟಿನದೋ ಪೆಟ್ಟಿಗೆಯದೋ ಎಂದು ಅವರು ಬಿಡದೆ ಕೇಳಿದರು. ಶ್ರಾವ್ಯ ಮರಾಠಿಯಲ್ಲಿ ಕೊಟ್ಟ ಉತ್ತರ ನನಗೆ ಪೂರ್ತಿ ಅರ್ಥವಾಯಿತು.

"ಹಿಟ್ಟು ಸರಿ ಇದೆ ಮೇಡಂ, ಪೆಟ್ಟಿಗೆಯೂ ಹೇಳಿದ್ದನ್ನೇ ಮಾಡಿತು. ತಪ್ಪು ನನ್ನದು. ನಾನು ಅದಕ್ಕೆ ಒಂದೇ ಕಾರಣ ಕಲಿಸಿದ್ದೆ."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಊಟದ ಬಿಡುವು ಮುಗಿಯುವವರೆಗೆ ಸಮಯ ಕೊಡುತ್ತೇನೆ, ಸರಿಮಾಡಿ ತೋರಿಸು ಎಂದರು.

ಎಲ್ಲರೂ ಊಟಕ್ಕೆ ಹೋದರು. ಶ್ರಾವ್ಯ ಲ್ಯಾಪ್‌ಟಾಪ್ ತೆರೆದು ಕೂತಳು. ನಾನು ಪಕ್ಕದಲ್ಲಿ ಬಾಳೆಹಣ್ಣು ಸುಲಿದು ಹಿಡಿದುಕೊಂಡಿದ್ದೆ, ಅವಳು ಪರದೆಯಿಂದ ಕಣ್ಣು ತೆಗೆಯದೆ ಒಂದೊಂದು ತುತ್ತು ಕಚ್ಚುತ್ತಿದ್ದಳು. ಏನು ಬರೆಯುತ್ತಿದ್ದಾಳೆಂದು ನನಗೆ ತಿಳಿಯಲಿಲ್ಲ. ಇನ್ನೊಂದು ಬಾಳೆಹಣ್ಣು ಸುಲಿದೆ.

ಬಿಡುವು ಮುಗಿದ ಮೇಲೆ ಉಳಿದ ಹಿಟ್ಟನ್ನು ಪೆಟ್ಟಿಗೆಗೆ ಹಾಕಿ ಮತ್ತೆ ತೋರಿಸಿದಳು. ಬಲ್ಬು ಹೊತ್ತಿತು. ಬಿಸಿ ಒಂದು ಮಿತಿ ಮುಟ್ಟಿದ ಕೂಡಲೇ ಆರಿತು. ಹಿಟ್ಟು ಏರದೆ ಹಾಗೆಯೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಮೇಡಂ ಕೈಯಲ್ಲಿ ಕೊಟ್ಟಿದ್ದ ಅವಳ ಫೋನು ಟಿಂಗ್ ಎಂದಿತು. ಮೇಡಂ ಓದಿ, ಉಳಿದಿಬ್ಬರಿಗೆ ತೋರಿಸಿ, ಕೊನೆಗೆ ನನಗೂ ತೋರಿಸಿದರು. ಮರಾಠಿಯಲ್ಲಿ ಇಷ್ಟೇ ಇತ್ತು: ಬೆಚ್ಚಗಿದ್ದರೂ ಹಿಟ್ಟು ಏರುತ್ತಿಲ್ಲ. ಕಾರಣ ನನಗೆ ಗೊತ್ತಿಲ್ಲ. ಬಂದು ನೋಡಿ.

ಸಂಜೆ

ಫಲಿತಾಂಶ ಸಂಜೆಗೆ. ಅಂಗಳದ ಬೇವಿನ ಮರದ ಕೆಳಗೆ ಚಹಾ ಕೊಟ್ಟರು. ಮಹಾರಾಷ್ಟ್ರದ ಚಹಾದ ಬಗ್ಗೆ ನನಗೆ ಹೇಳಲು ಬಹಳ ಇದೆ, ಈಗ ಬೇಡ. ಕುಲಕರ್ಣಿ ಮೇಡಂ ತಾವಾಗಿ ಬಂದು ನನ್ನ ಪಕ್ಕ ಕೂತರು. ನಾನೂ ಪಾಠ ಮಾಡಿದವಳೆಂದು ಶ್ರಾವ್ಯ ಹೇಳಿದ್ದಳಂತೆ. ತಮ್ಮನ ಪ್ರಶ್ನೆಯನ್ನು ಅವರ ಮುಂದಿಟ್ಟೆ. ಕಂಪನಿ ಬಾಗಿಲು ಹಾಕಿದರೆ ಈ ಮಕ್ಕಳ ಗತಿ ಏನು?

ಅವರು ಸುಳ್ಳು ಭರವಸೆ ಕೊಡಲಿಲ್ಲ. ಬಾಗಿಲು ಹಾಕುವ ಕಂಪನಿಗಳೂ ಇವೆ, ಹೊಸದಾಗಿ ತೆರೆಯುವವೂ ಇವೆ ಎಂದರು. ಈ ಊರಿನ ಸುತ್ತಮುತ್ತಲೇ ಬ್ಯಾಟರಿ ಗಾಡಿಗಳ ಕೆಲಸ ಬರುತ್ತಿದೆ, ರೋಬೋಟುಗಳು ಬರುತ್ತಿವೆ. ಗುಂಡಿ ಒತ್ತುವವರು ಎಷ್ಟು ಬೇಕಾದರೂ ಸಿಗುತ್ತಾರೆ. ಯಂತ್ರ ತಪ್ಪು ಮಾಡುವಾಗ ಅದರ ಎದುರು ನಿಂತು, ಯಾಕೆ ಎಂದು ಕೇಳುವವರು ಸಿಗುವುದಿಲ್ಲ. ಆ ಬುದ್ಧಿ ಇದ್ದವರಿಗೆ ಒಂದು ಬಾಗಿಲು ಹಾಕಿದರೆ ಇನ್ನೊಂದು ಇರುತ್ತದೆ. ಹೀಗೆ ಹಿಂದಿಯಲ್ಲಿ ನಿಧಾನವಾಗಿ, ನನಗೆ ತಿಳಿಯುವ ಹಾಗೆ ಹೇಳಿದರು. ಎದ್ದು ಹೋಗುವಾಗ, ಬೆರಳು ನೆಕ್ಕಿದ್ದಕ್ಕೆ ಅಂಕ ಕಳೆದಿದ್ದೇನೆ, ಅದನ್ನು ಮಾತ್ರ ಮಾಫಿ ಮಾಡುವುದಿಲ್ಲ ಎಂದರು. ಅವರ ಜಾಗದಲ್ಲಿ ನಾನಿದ್ದರೂ ಕಳೆಯುತ್ತಿದ್ದೆ.

ಗುಮಾಸ್ತರು ಮೆಟ್ಟಿಲ ಮೇಲೆ ನಿಂತು ಒಂದೊಂದೇ ಹೆಸರು ಕೂಗಿದರು. ಮಾಲೇಗಾಂವ್‌ನ ಹುಡುಗನ ಹೆಸರು ಮೊದಲಲ್ಲೇ ಬಂತು, ಅವನ ಅಪ್ಪ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಮಗನ ಕಡೆ ಓಡಿದ. ಹೆಸರುಗಳು ಮುಗಿಯುತ್ತ ಬಂದವು. ಶ್ರಾವ್ಯ ನನ್ನ ಸೆರಗಿನ ತುದಿ ಹಿಡಿದು ಸುತ್ತುತ್ತಿದ್ದಳು. ಕೊನೆಯದಕ್ಕೆ ಹಿಂದಿನ ಹೆಸರು ಅವಳದು. ಗುಮಾಸ್ತರು ಶರಾವ್ಯಾ ಎಂದು ಕೂಗಿದರು. ನಾನು ಅವಳಿಗಿಂತ ಮೊದಲು ಕೈ ಎತ್ತಿದೆ.

ಅವಳು ಅಪ್ಪನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಅಲ್ಲಿ ಸಂಜೆಯ ಗದ್ದಲ, ಪಾತ್ರೆಗಳ ಸದ್ದು. ಆಯ್ಕೆಯಾದ ಸುದ್ದಿಯನ್ನು ಮೊದಲು ಹೇಳಲಿಲ್ಲ ಹುಡುಗಿ. ಬಸ್ಸಿನಲ್ಲಿ ಹಿಟ್ಟು ಉಕ್ಕಿದ್ದು, ದೀಪ ಹಚ್ಚಿದ ಮೇಲೆ ಸಿಕ್ಕಿದ ಹಿಟ್ಟು, ಉಪ್ಪು, ಬೆಂದ ಅಂಚು, ಬೆರಳು ನೆಕ್ಕಿ ಬೈಸಿಕೊಂಡದ್ದು, ಎಲ್ಲವನ್ನೂ ಮೂರು ಭಾಷೆ ಬೆರೆಸಿ ಹೇಳಿದಳು. ರಾಘು ಹೂಂ ಹೂಂ ಎನ್ನುತ್ತಿದ್ದ. ಕೊನೆಗೆ ಸೀಟು ಸಿಕ್ಕಿತು ಎಂದಳು. ಸೋಮವಾರವೇ ಶುರು, ಹಾಸ್ಟೆಲೂ ಇದೆ. ಹೊಸಬರಿಗೆ ತೋರಿಸಲು ಪೆಟ್ಟಿಗೆಯನ್ನು ಇಲ್ಲಿಯೇ ಬಿಟ್ಟು ಹೋಗು ಎಂದು ಮೇಡಂ ಕೇಳಿದ್ದಾರೆ.

ಆ ಕಡೆ ಯಾರೋ ಎರಡು ಇಡ್ಲಿ ವಡೆ ಎಂದು ಕೂಗಿದ್ದು ಕೇಳಿತು. ರಾಘು ಗಲ್ಲಾದಿಂದ ಎದ್ದು ಒಳಗೆ ಹೋಗಿರಬೇಕು, ಸದ್ದೆಲ್ಲ ದೂರವಾಯಿತು. ನನಗೆ ಹೆದರಿಕೆಯಾಯಿತು. ಕೊಟ್ಟ ಮಾತಿಗೆ ತಪ್ಪುವವನಲ್ಲ, ಆದರೆ ಅವನ ಮನಸ್ಸು ಮುರಿಯಿತೋ ಏನೋ ಎಂದು. ಆಮೇಲೆ ಅವನ ಧ್ವನಿ ಬಂತು.

"ಪೆಟ್ಟಿಗೆ ಅಲ್ಲಿ ಕೊಟ್ಟು ಬರ್ಬೇಡ ಮಗಾ. ಇನ್ನು ಹಿಟ್ಟು ನೋಡ್ಲಿಕ್ಕೆ ಇಲ್ಲಿ ನೀನು ಇರುದಿಲ್ಲ ಅಲ್ವಾ."

ಶ್ರಾವ್ಯ ಫೋನನ್ನು ನನ್ನ ಕೈಗೆ ತುರುಕಿ, ಕಣ್ಣು ಒರೆಸಿಕೊಳ್ಳುತ್ತ, ಪೆಟ್ಟಿಗೆ ತರಲು ಶೆಡ್ಡಿನ ಕಡೆ ಓಡಿದಳು.